ಬಾಯ್ಲರ್ ಟ್ಯೂಬಿಗೊಂದು ಲೋಹದ ಕವಚ

ಶಿಕಾರಿಪುರ, ಸೊರಬದ ಕಡೆ ಭತ್ತ ಬೇಯಿಸುವ ಮಿಲ್ಲುಗಳಲ್ಲಿ ಬಾಯ್ಲರಿಗೆ ಉಮಿಯೇ ಸೌದೆ. ಉರಿದ ಉಮಿಯಲ್ಲಿ ಸುಮಾರು ಐದನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಆ ಬೂದಿಯ ಬಹುಭಾಗ ಸಿಲಿಕಾ, ಅಂದರೆ ಮರಳಿನ ಸತ್ವ. ಹೊಗೆಯ ಜೊತೆ ಹಾರುತ್ತ ಅದು ಕಬ್ಬಿಣವನ್ನು ಸವೆಸುತ್ತದೆ. ಸಣ್ಣ ಬಾಯ್ಲರಿನಲ್ಲಿ ಸವೆದ ಟ್ಯೂಬು ಬದಲಿಸಿದರೆ ಆಯಿತು. ದೊಡ್ಡ ಬಾಯ್ಲರಿನ ಕಥೆ ಬೇರೆ.

ರಾಯಚೂರು ಶಾಖೋತ್ಪನ್ನ ಕೇಂದ್ರದಂಥ ಕಡೆ ಕುಲುಮೆಯ ಗೋಡೆಗಳೇ ನೀರು ತುಂಬಿದ ಟ್ಯೂಬುಗಳ ಸಾಲು. ಇಂಥ ಟ್ಯೂಬಿನ ದಪ್ಪ ಸಾಮಾನ್ಯವಾಗಿ 5-6 ಮಿ.ಮೀ. ಮಾತ್ರ, ಒಂದು ತೂತಾದರೂ ಇಡೀ ಘಟಕ ನಿಲ್ಲಬೇಕು. ದಾಂಡೇಲಿಯಂಥ ಕಾಗದ ಕಾರ್ಖಾನೆಗಳಲ್ಲಿ ಮರದ ಚೂರು ಬೇಯಿಸಿ ತಿರುಳು ತೆಗೆದ ಮೇಲೆ ಉಳಿದ ಕಪ್ಪು ದ್ರಾವಣವನ್ನೇ ಉರಿಸುತ್ತಾರೆ. ಅದರ ಗಂಧಕ ಟ್ಯೂಬನ್ನು ತಿನ್ನುತ್ತದೆ. ಕಸ ಸುಡುವ ಬಾಯ್ಲರುಗಳಲ್ಲಿ ಪ್ಲಾಸ್ಟಿಕ್ಕಿನ ಕ್ಲೋರಿನ್ ಇನ್ನೂ ಉಗ್ರ.

ಇದಕ್ಕೆ ಕಂಡುಕೊಂಡ ಉಪಾಯವೇ ವೆಲ್ಡ್ ಓವರ್‌ಲೇ. ಕಲಾಯಿ ಹಾಕುವವರು ಹಿತ್ತಾಳೆ ಪಾತ್ರೆಗೆ ತವರ ಹಚ್ಚುವಂತೆ ಇಲ್ಲಿ ಟ್ಯೂಬಿನ ಮೈಮೇಲೆ ತುಕ್ಕು ತಾಳುವ ಲೋಹ ಕೂರಿಸುತ್ತಾರೆ. ಹೆಚ್ಚಾಗಿ ಬಳಸುವುದು ‘ಅಲಾಯ್ 625’: ಅರ್ಧಕ್ಕಿಂತ ಹೆಚ್ಚು ನಿಕ್ಕಲ್, ಶೇ. 20ರಿಂದ 23 ಕ್ರೋಮಿಯಂ, ಶೇ. 8ರಿಂದ 10 ಮಾಲಿಬ್ಡಿನಂ. ಕವಚದ ದಪ್ಪ ಸುಮಾರು 2 ಮಿ.ಮೀ.

ಮೊದಲು ಗ್ರಿಟ್ ಬ್ಲಾಸ್ಟಿಂಗ್ ಮಾಡಿ, ಅಂದರೆ ಒರಟು ಕಣಗಳನ್ನು ರಭಸದಿಂದ ಬಡಿಸಿ, ಟ್ಯೂಬನ್ನು ಬೆಳ್ಳಗೆ ಮಾಡುತ್ತಾರೆ. ಅಲ್ಟ್ರಾಸೋನಿಕ್ ಮೀಟರ್ ಹಿಡಿದು ಉಳಿದ ದಪ್ಪ ಅಳೆಯುತ್ತಾರೆ; ತೀರಾ ಸವೆದಿದ್ದರೆ ಓವರ್‌ಲೇ ಮಾಡುವಂತಿಲ್ಲ. ಆಮೇಲೆ ಗೋಡೆಗೆ ಹಳಿ ಕಟ್ಟಿ ಯಂತ್ರದ ವೆಲ್ಡಿಂಗ್ ಟಾರ್ಚ್ ಏರಿಸುತ್ತಾರೆ. ತೆಳುವಾದ ತಂತಿ ಒಂದೇ ವೇಗದಲ್ಲಿ ಬರುತ್ತದೆ, ಆರ್ಗಾನ್ ಅನಿಲದ ಆಸರೆಯಲ್ಲಿ ಕರಗುತ್ತದೆ. ಟಾರ್ಚ್ ಆಚೀಚೆ ಓಲಾಡುತ್ತ ಮೇಲಿನಿಂದ ಕೆಳಗೆ ಇಳಿಯುತ್ತದೆ. ಪ್ರತಿ ಬೀಡ್, ಅಂದರೆ ಕರಗಿ ಕೂತ ಲೋಹದ ಪಟ್ಟಿ, ಹಿಂದಿನದರ ಅರ್ಧವನ್ನು ಮುಚ್ಚಿಕೊಂಡು ಕೂರಬೇಕು. ನಡುವೆ ಕೂದಲೆಳೆಯ ಸಂದು ಉಳಿದರೂ ತುಕ್ಕಿಗೆ ಅದೇ ಬಾಗಿಲು.

ಈ ಕಸುಬಿನ ಜಾಣ್ಮೆಯೆಲ್ಲ ಬಿಸಿಯ ಹದದಲ್ಲಿದೆ. ಬಿಸಿ ಕಡಿಮೆಯಾದರೆ ಹೊಸ ಲೋಹ ಹಳೆಯದಕ್ಕೆ ಹಿಡಿಯುವುದಿಲ್ಲ. ಹೆಚ್ಚಾದರೆ ಟ್ಯೂಬಿನ ಕಬ್ಬಿಣ ಕರಗಿ ಕವಚದೊಳಗೆ ಬೆರೆಯುತ್ತದೆ. ದುಬಾರಿ ನಿಕ್ಕಲ್ ಹಾಕಿದ್ದೇ ದಂಡ. ಹೀಗೆ ಬೆರೆಯುವ ಕಬ್ಬಿಣ ಶೇ. 5-10ರೊಳಗೇ ಇರಬೇಕೆಂದು ಹಠ ಹಿಡಿಯುತ್ತಾರೆ. ಎಷ್ಟೋ ಕಡೆ ಟ್ಯೂಬಿನೊಳಗೆ ನೀರು ಹರಿಯಬಿಟ್ಟೇ ಹೊರಗೆ ವೆಲ್ಡ್ ಮಾಡುತ್ತಾರೆ. ತಂತಿಯನ್ನು ಸೆಕೆಂಡಿಗೆ ಹತ್ತಾರು ಬಾರಿ ಮುಂದೆ ತಳ್ಳಿ ಹಿಂದಕ್ಕೆ ಎಳೆದು, ಹನಿಹನಿಯಾಗಿ ಲೋಹ ಇಳಿಸುವ ವಿಧಾನವೂ ಬಂದಿದೆ. ಕೊನೆಗೆ ಬಿರುಕು ಹುಡುಕುವ ಡಿಪಿ (ಡೈ ಪೆನೆಟ್ರೆಂಟ್) ಟೆಸ್ಟ್: ಕೆಂಪು ದ್ರವ ಬಳಿದು ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ.

ಗಂಟೆಗಟ್ಟಲೆ ಕೈ ನಡುಗದೆ ಒಂದೇ ಹದ ಕಾಯುವುದು ಮನುಷ್ಯರಿಗೆ ಕಷ್ಟ, ಅದನ್ನು ಯಂತ್ರ ಮಾಡುತ್ತದೆ. ಆದರೆ ಕರೆಂಟು, ವೇಗ, ಓಲಾಟ ಎಷ್ಟಿರಬೇಕೆಂದು ಗೊತ್ತುಮಾಡುವುದು, ಬೀಡಿನ ಬಣ್ಣ ನೋಡಿ ತಪ್ಪು ಹಿಡಿಯುವುದು ವೆಲ್ಡರ್‌ನ ಕಣ್ಣೇ. 1950ರ ಭಾರತೀಯ ಬಾಯ್ಲರ್ ನಿಯಮಾವಳಿಯ ಪ್ರಕಾರ ಒತ್ತಡ ತಾಳುವ ಭಾಗಗಳಿಗೆ ವೆಲ್ಡ್ ಮಾಡಲು ಪರೀಕ್ಷೆ ಪಾಸಾದ ಪ್ರಮಾಣಪತ್ರವೇ ಬೇಕು. ಐಟಿಐನಲ್ಲಿ ವೆಲ್ಡರ್ ಟ್ರೇಡ್ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರು ಗೇಟು, ಗ್ರಿಲ್ಲಿಗೇ ನಿಲ್ಲಬೇಕಿಲ್ಲ. ಹದ ಕಲಿತ ಕೈಗೆ ಈ ಕಸುಬಿನಲ್ಲಿ ಗೌರವದ ಜಾಗವಿದೆ.