ಬಸುರಿಯರೂ ಸೀತಾಳೆ ಸಿಡುಬೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆ ಮೈಮೇಲೆ ನೀರುಗುಳ್ಳೆ ಎದ್ದರೆ ‘ಅಮ್ಮ ಬಂದಾಳ’ ಎನ್ನುವುದು ವಾಡಿಕೆ. ಬಾಗಿಲಿಗೆ ಬೇವಿನ ತೊಪ್ಪಲು ಬೀಳುತ್ತದೆ, ಒಗ್ಗರಣೆ ನಿಲ್ಲುತ್ತದೆ, ಹೊರಗಿನವರು ಒಳಗೆ ಬರುವಂತಿಲ್ಲ. ಈ ಕಡೆಯ ನಿಯಮವನ್ನು ನಾನು ಹಳಿಯಲಾರೆ; ಅಂಟುಬೇನೆಗೆ ಅದು ಒಳ್ಳೆಯ ಬೇಲಿ. ತೊಡಕಿರುವುದು ಹೆಸರಿನಲ್ಲಿ. ಹಳೆಯ ಮಾರಿ ಸಿಡುಬನ್ನೂ ನಾವು ಅಮ್ಮನೆಂದೇ ಕರೆದೆವು, ಸೀತಾಳೆ ಸಿಡುಬನ್ನೂ ಹಾಗೆಯೇ ಕರೆಯುತ್ತೇವೆ. ಮೊದಲನೆಯದು ಭಾರತದಲ್ಲಿ 1975ರಲ್ಲಿ ಕೊನೆಗಂಡಿತು. 1980ರಲ್ಲಿ ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಎರಡನೆಯದು ಬೇರೊಂದು ವೈರಾಣುವಿನದು, ಇಂದಿಗೂ ಮನೆಮನೆ ತಿರುಗುತ್ತಿದೆ. ಇಂದಿನ ಬಸುರಿಯ ತೋಳಿನಲ್ಲಿರುವ ಕಲೆ ಕ್ಷಯದ ಲಸಿಕೆಯದು. ಸೀತಾಳೆಗೆ ಅದು ಅಡ್ಡಿಯಾಗದು.

ಒಮ್ಮೆ ಬಂದುಹೋದವರಿಗೆ ಸಾಮಾನ್ಯವಾಗಿ ಇದು ಮತ್ತೆ ಬಾರದು. ರಕ್ತದಲ್ಲಿ ಉಳಿದ ರಕ್ಷಕ ದ್ರವ್ಯವು ಮಾಸಿನ ಮೂಲಕ ಹೊಟ್ಟೆಯ ಕೂಸಿಗೂ ಸಲ್ಲುತ್ತದೆ. ಹಾಗಾದರೆ ಭಯ ಯಾರಿಗೆ? ಶೀತದೇಶಗಳಲ್ಲಿ ಹೆಚ್ಚುಪಾಲು ಬಾಲ್ಯದಲ್ಲೇ ಬರುವ ಈ ಬೇನೆ, ನಮ್ಮಂಥ ಉಷ್ಣದೇಶಗಳಲ್ಲಿ ಅನೇಕರನ್ನು ಪ್ರಾಯ ಬರುವವರೆಗೂ ಮುಟ್ಟುವುದಿಲ್ಲ. ಅಂಥ ಹೆಣ್ಣುಮಗಳು ಬಸುರಾದಾಗ ಕುಬುಸಕ್ಕೆ ಕೇರಿಯ ಮಕ್ಕಳೆಲ್ಲ ಬರುತ್ತವೆ. ಹೆರಿಗೆಗೆಂದು ತವರಿಗೆ ಹೋದರೆ ಅಲ್ಲಿ ಅಣ್ಣನ ಮಕ್ಕಳಿರುತ್ತವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಗುಂಪಿನಲ್ಲಿ ಒಂದು ಮಗುವಿಗೆ ಅಂಟಿದ್ದರೂ ಸಾಕು. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಉಸಿರಿನಿಂದ ಹರಡುತ್ತದೆಯಾದ್ದರಿಂದ ಬೇವಿನ ತೊಪ್ಪಲು ಕಟ್ಟುವ ಹೊತ್ತಿಗೆ ತಡವಾಗಿರುತ್ತದೆ. ಮನೆಯ ಮುದುಕರಿಗಾಗುವ ಸರ್ಪಸುತ್ತಿನ ಗುಳ್ಳೆಯ ನೀರಿನಲ್ಲೂ ಇದೇ ವೈರಾಣುವುಂಟು.

ಬಸುರಿಯಲ್ಲಿ ಇದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಮೊದಲ 20 ವಾರಗಳಲ್ಲಿ ಬಂದರೆ ನೂರರಲ್ಲಿ ಎರಡಕ್ಕಿಂತ ಕಡಿಮೆ ಕೂಸುಗಳಿಗೆ ಚರ್ಮ, ಕಣ್ಣು, ಕೈಕಾಲುಗಳಲ್ಲಿ ಊನವಾಗಬಹುದು. ಉಳಿದವು ಸುಖವಾಗಿಯೇ ಹುಟ್ಟುತ್ತವೆ. ಅದಕ್ಕಿಂತ ಕಠಿಣ ಕಾಲ ಹೆರಿಗೆಗೆ ಐದು ದಿನ ಮೊದಲಿನಿಂದ ಎರಡು ದಿನ ಅನಂತರದವರೆಗೆ. ಆಗ ತಾಯಿಗೆ ಗುಳ್ಳೆ ಎದ್ದರೆ, ರಕ್ಷಣೆಯನ್ನು ಕೂಸಿಗೆ ಕೊಡಲು ಆಕೆಗೆ ಸಮಯವೇ ಸಿಕ್ಕಿರುವುದಿಲ್ಲ. ಬೇನೆ ಮಾತ್ರ ಸಿಕ್ಕಿರುತ್ತದೆ.

ಆದಕಾರಣ ಮದುವೆಯಾಗುವ ಮಗಳು ಹೆತ್ತವ್ವನನ್ನು ಕೇಳಿಕೊಳ್ಳಬೇಕು: ‘ನನಗ ಅಮ್ಮ ಬಂದಿದ್ದಳೇನ?’ ಅವ್ವನ ನೆನಪು ಬಹುಮಟ್ಟಿಗೆ ನಂಬತಕ್ಕ ಸಾಕ್ಷಿ, ಸಂದೇಹವಿದ್ದರೆ ರಕ್ತಪರೀಕ್ಷೆಯುಂಟು. ಬಂದಿಲ್ಲವಾದರೆ ಲಸಿಕೆಯಿದೆ. ಜಪಾನಿನ ತಾಕಾಹಾಶಿಯವರು 1974ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ನಿಸ್ತೇಜಗೊಳಿಸಿದ ಜೀವಂತ ವೈರಾಣುವಿನಿಂದಾದ್ದರಿಂದ ಬಸುರಾದ ಮೇಲೆ ಹಾಕಿಸುವಂತಿಲ್ಲ. ಹಾಕಿಸಿದ ಮೇಲೂ ಒಂದು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು.

ಬಸುರಿಗೆ ಸೋಂಕು ತಾಕಿತೆಂದು ತಿಳಿದರೆ ಗುಳ್ಳೆ ಏಳಲೆಂದು ಕಾಯಬೇಡಿ. ಹತ್ತು ದಿನದೊಳಗೆ ವೈದ್ಯರು ಸಿದ್ಧ ರಕ್ಷಕ ದ್ರವ್ಯದ ಚುಚ್ಚುಮದ್ದು ಕೊಡಬಲ್ಲರು. ಗುಳ್ಳೆ ಎದ್ದೇಬಿಟ್ಟರೆ ಮೊದಲ ದಿನವೇ ಔಷಧ ಆರಂಭವಾಗಬೇಕು. ಅಮ್ಮ ಮುನಿದಾಳೆಂದು ಮದ್ದು ಬಿಡುವುದು ಬೇಡ; ಬೇವೂ ಇರಲಿ, ಮದ್ದೂ ಇರಲಿ. ಆಸ್ಪತ್ರೆಗೆ ಹೋಗುವಾಗ ಮಾತ್ರ ಮುಂಚಿತವಾಗಿ ದೂರವಾಣಿಯಲ್ಲಿ ತಿಳಿಸಿ ಹೋಗಿರಿ. ಬೇರೆ ಬಸುರಿಯರು ಕುಳಿತ ಸಾಲಿನಲ್ಲಿ ಕೂಡಬೇಡಿ.