ನಿತಂಬ ಹಾಗೂ ಸೊಂಟದ ಕೀಲಿನ ಅಪಧಮನಿಗಳು: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಹೇಮಾವತಿ ನದಿಯ ಉಗಮಸ್ಥಾನವಾದ ಜಾವಳಿ ಹಾಗೂ ಸುತ್ತಲಿನ ಮೂಡಿಗೆರೆ, ಕಳಸ ಭಾಗಗಳ ಜನಜೀವನವು ಕಾಫಿ, ಕಾಳುಮೆಣಸು ಮತ್ತು ಅಡಿಕೆ ತೋಟಗಳನ್ನು ಅವಲಂಬಿಸಿದೆ. ಮೆಣಸು ಕೊಯ್ಯುವಾಗ ಏಣಿಯಿಂದ ಬೀಳುವುದು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರುವುದು, ವೃದ್ಧರು ಬಚ್ಚಲಿನಲ್ಲಿ ಬೀಳುವುದು ಇಲ್ಲಿ ಅಪರೂಪವಲ್ಲ. ಇಂತಹ ಪೆಟ್ಟನ್ನು ಉಳುಕೆಂದು ಭಾವಿಸಿ, ಎಣ್ಣೆ ತಿಕ್ಕಿ ದಿನಗಳನ್ನು ಕಳೆದರೆ ಕೀಲು ಶಾಶ್ವತವಾಗಿ ಹಾಳಾಗಬಹುದು. ಇದಕ್ಕೆ ಕಾರಣವು ಸೊಂಟದ ಕೀಲಿಗೆ ರಕ್ತ ತಲುಪುವ ಮಾರ್ಗದಲ್ಲಿದೆ. ಆ ಮಾರ್ಗದ ಪರಿಚಯ ಹಾಗೂ ಲಭ್ಯವಿರುವ ಸೇವೆಗಳ ವಿವರವನ್ನು ಇಲ್ಲಿ ನೀಡಲಾಗಿದೆ.

ರಕ್ತ ಬರುವ ಮಾರ್ಗ

ಹೃದಯದಿಂದ ಶುದ್ಧರಕ್ತವನ್ನು ಒಯ್ಯುವ ನಾಳಗಳಿಗೆ ಅಪಧಮನಿಗಳೆಂದು ಹೆಸರು. ಹೃದಯದಿಂದ ಹೊರಡುವ ಮಹಾಪಧಮನಿಯು ಹೊಟ್ಟೆಯಲ್ಲಿ, ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟದಲ್ಲಿ, ಎಡ ಮತ್ತು ಬಲ ಎಂದು ಎರಡಾಗಿ ಕವಲೊಡೆಯುತ್ತದೆ. ಪ್ರತಿಯೊಂದು ಕವಲೂ ಮುಂದೆ ಒಳಶಾಖೆ ಮತ್ತು ಹೊರಶಾಖೆಗಳಾಗಿ ಬೇರ್ಪಡುತ್ತದೆ. ಒಳಶಾಖೆಯು ಕಿಬ್ಬೊಟ್ಟೆಯ ಅಂಗಗಳಿಗೂ ನಿತಂಬಕ್ಕೂ ರಕ್ತ ಒದಗಿಸುತ್ತದೆ. ಹೊರಶಾಖೆಯು ತೊಡೆಸಂದಿನ ಮೂಲಕ ಕಾಲಿಗೆ ಇಳಿದು ತೊಡೆಯ ಅಪಧಮನಿಯಾಗುತ್ತದೆ.

ನಿತಂಬದ ಎರಡು ಅಪಧಮನಿಗಳು

1. ಮೇಲಿನ ನಿತಂಬ ಅಪಧಮನಿ: ವೈದ್ಯಕೀಯ ವರದಿಗಳಲ್ಲಿ ಇದನ್ನು ‘ಸುಪೀರಿಯರ್ ಗ್ಲೂಟಿಯಲ್’ ಎಂದು ಬರೆಯಲಾಗುತ್ತದೆ. ಇದು ಒಳಶಾಖೆಯ ಅತಿ ದೊಡ್ಡ ಕವಲು. ನಡೆಯುವಾಗ ಸೊಂಟವು ಒಂದು ಬದಿಗೆ ವಾಲದಂತೆ ಹಿಡಿಯುವ ಸ್ನಾಯುಗಳಿಗೆ ಇದರಿಂದ ರಕ್ತ ದೊರೆಯುತ್ತದೆ. ಶ್ರೋಣಿಯ ಎಲುಬು ಮುರಿದಾಗ ಈ ನಾಳಕ್ಕೆ ಗಾಯವಾದರೆ, ಹೊರಗೆ ಕಾಣದಂತೆ ಒಳಗೇ ಅಪಾಯಕಾರಿ ರಕ್ತಸ್ರಾವವಾಗಬಹುದು.

2. ಕೆಳಗಿನ ನಿತಂಬ ಅಪಧಮನಿ: ‘ಇನ್ಫೀರಿಯರ್ ಗ್ಲೂಟಿಯಲ್’ ಎಂದು ಕರೆಯಲಾಗುವ ಈ ನಾಳವು ಕಾಲಿಗೆ ಇಳಿಯುವ ದೊಡ್ಡ ನರದ ಸಮೀಪದಲ್ಲಿ ಹೊರಬಂದು, ನಿತಂಬದ ದೊಡ್ಡ ಸ್ನಾಯುವಿಗೆ ರಕ್ತ ಒದಗಿಸುತ್ತದೆ. ನಿತಂಬಕ್ಕೆ ಚುಚ್ಚುಮದ್ದು ನೀಡುವಾಗ ಮೇಲಿನ ಹೊರಭಾಗವನ್ನೇ ಆರಿಸುವುದು ಈ ನರವನ್ನೂ ದೊಡ್ಡ ರಕ್ತನಾಳಗಳನ್ನೂ ತಪ್ಪಿಸುವ ಸಲುವಾಗಿ.

ಈ ನಾಳಗಳು ತೊಡೆಯ ಮೇಲ್ಭಾಗದ ನಾಳಗಳೊಡನೆ ಕವಲುಗಳ ಮೂಲಕ ಕೂಡಿಕೊಳ್ಳುತ್ತವೆ. ಆದುದರಿಂದ ಒಂದರಲ್ಲಿ ಅಡಚಣೆಯಾದರೂ ಇನ್ನೊಂದರಿಂದ ಸ್ನಾಯುಗಳಿಗೆ ರಕ್ತ ಬರುವ ಅವಕಾಶವಿದೆ.

ಕೀಲಿನ ಗುಂಡು: ಒಂದೇ ಕಾಲುವೆಯ ಗದ್ದೆ

ತೊಡೆಮೂಳೆಯ ತುದಿಯಲ್ಲಿರುವ ಗುಂಡಿಗೆ ಈ ಅನುಕೂಲವಿಲ್ಲ. ತೊಡೆಯ ಅಪಧಮನಿಯ ಆಳದ ಶಾಖೆಯಿಂದ ಸಾಮಾನ್ಯವಾಗಿ ಎರಡು ಬಳಸು ನಾಳಗಳು ಹುಟ್ಟಿ ಮೂಳೆಯನ್ನು ಸುತ್ತುವರಿಯುತ್ತವೆ. ಅವುಗಳಲ್ಲಿ ಒಳಬದಿಯ ಬಳಸು ಅಪಧಮನಿಯ ಸಣ್ಣ ಕವಲುಗಳು ಮೂಳೆಯ ಕುತ್ತಿಗೆಗೆ ಅಂಟಿಕೊಂಡು ಮೇಲೇರಿ ಗುಂಡನ್ನು ತಲುಪುತ್ತವೆ. ವಯಸ್ಕರಲ್ಲಿ ಗುಂಡಿನ ಮುಖ್ಯ ಆಧಾರ ಇವೇ. ಒಂದೇ ಕಾಲುವೆಯನ್ನು ನಂಬಿದ ಗದ್ದೆಯಂತೆ, ಇವು ಹರಿದರೆ ಗುಂಡಿಗೆ ರಕ್ತ ನಿಲ್ಲುತ್ತದೆ.

ಮೂಳೆಯ ಕುತ್ತಿಗೆ ಕೀಲುಚೀಲದ ಒಳಗೆ ಮುರಿದಾಗ ಈ ಕವಲುಗಳು ಹರಿಯುವ ಸಂಭವ ಹೆಚ್ಚು. ಆಗ ಗುಂಡಿನ ಮೂಳೆ ಕ್ರಮೇಣ ಜೀವ ಕಳೆದುಕೊಂಡು ಕುಸಿಯಬಹುದು. ಇದು ಕೆಲವು ತಿಂಗಳು ಅಥವಾ ವರ್ಷಗಳ ನಂತರ ತೊಡೆಸಂದಿನ ನೋವು ಮತ್ತು ಕುಂಟುನಡಿಗೆಯಾಗಿ ಕಾಣಿಸಿಕೊಳ್ಳಬಹುದು. ಕೀಲುಚೀಲದ ಹೊರಗೆ ಮುರಿದಾಗ ಗುಂಡಿನ ರಕ್ತ ಪೂರೈಕೆ ಬಹುಮಟ್ಟಿಗೆ ಉಳಿಯುತ್ತದೆ. ಆದರೆ ರಕ್ತಸ್ರಾವ ಹೆಚ್ಚಿರುತ್ತದೆ. ಕೀಲು ತಪ್ಪಿದ್ದಲ್ಲಿ ಅದನ್ನು ಕೆಲವೇ ಗಂಟೆಗಳೊಳಗೆ ಸ್ವಸ್ಥಾನಕ್ಕೆ ತರಬೇಕಾಗುತ್ತದೆ.

ದೀರ್ಘಕಾಲದ ಸ್ಟೀರಾಯ್ಡ್ ಸೇವನೆ, ಅತಿಯಾದ ಮದ್ಯಪಾನ ಹಾಗೂ ಕುಡಗೋಲು ಕಣ ರಕ್ತಹೀನತೆಯಿಂದ ಪೆಟ್ಟು ಬೀಳದೆಯೂ ಗುಂಡಿನ ಮೂಳೆ ಜೀವ ಕಳೆದುಕೊಳ್ಳಬಹುದು. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಇದು ಕಾಣದಿರಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ತಿಳಿಯುತ್ತದೆ.

ಎಲ್ಲ ಸೊಂಟನೋವೂ ಒಂದೇ ಅಲ್ಲ

1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಗುರುತಿಸಲಾದ ಹಂದಿಗೋಡು ಕಾಯಿಲೆಯೂ ಸೊಂಟದ ಕೀಲನ್ನು ಬಾಧಿಸುತ್ತದೆ. ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಇದು ಕಂಡುಬಂದಿದೆ. ಇದು ಮೂಳೆ ಬೆಳವಣಿಗೆಯ ಅನುವಂಶೀಯ ದೋಷ. ಮುರಿತದಿಂದಾಗುವ ರಕ್ತದ ಕೊರತೆಯಲ್ಲ. ನಡೆದಾಗ ನಿತಂಬದಲ್ಲಿ ನೋವು ಬಂದು, ನಿಂತರೆ ಶಮನವಾಗುತ್ತಿದ್ದಲ್ಲಿ ಅಪಧಮನಿ ಕಿರಿದಾಗಿರುವ ಸಾಧ್ಯತೆಯೂ ಇದೆ. ಬೀಡಿ, ಸಿಗರೇಟು ಸೇದುವವರು ಹಾಗೂ ಮಧುಮೇಹಿಗಳು ಇದನ್ನು ಅಲಕ್ಷಿಸಬಾರದು.

ಬಿದ್ದವರ ಆರೈಕೆ

1. ಬಿದ್ದ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದಲ್ಲಿ ಸೊಂಟದ ಮುರಿತವನ್ನು ಶಂಕಿಸತಕ್ಕದ್ದು. ಕೆಲವರು ಮುರಿತವಿದ್ದರೂ ಕುಂಟುತ್ತ ನಡೆಯಬಲ್ಲರು. ಆದುದರಿಂದ ನಡೆದ ಮಾತ್ರಕ್ಕೆ ಮುರಿತವಿಲ್ಲವೆಂದು ತಿಳಿಯಬಾರದು.
2. ಗಾಯಾಳುವನ್ನು ನಡೆಸಬಾರದು. ಕಾಲನ್ನು ಎಳೆಯುವುದು, ನೀವುವುದು ಕೂಡದು.
3. 108 ಸಂಖ್ಯೆಗೆ ಕರೆ ಮಾಡಿದಲ್ಲಿ ಆಂಬುಲೆನ್ಸ್ ಸೇವೆ ಉಚಿತವಾಗಿ ದೊರೆಯುತ್ತದೆ. ಮನೆಯವರೆಗೆ ವಾಹನ ಬಾರದ ಕಡೆ, ಗಾಯಾಳುವನ್ನು ಹಲಗೆಯ ಮೇಲೆ ಮಲಗಿಸಿ, ಎರಡು ಕಾಲುಗಳ ನಡುವೆ ದಿಂಬಿಟ್ಟು, ಅಲುಗದಂತೆ ರಸ್ತೆಗೆ ತರತಕ್ಕದ್ದು.
4. ಅದೇ ದಿನ ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಯನ್ನು ತಲುಪತಕ್ಕದ್ದು.

ಲಭ್ಯವಿರುವ ಸೇವೆಗಳು

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದೆ. ಇದರಡಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ಸೌಲಭ್ಯವಿದೆ. ಆಸ್ಪತ್ರೆಗೆ ಬರುವಾಗ ಆಧಾರ್ ಹಾಗೂ ಪಡಿತರ ಚೀಟಿಯನ್ನು ತರತಕ್ಕದ್ದು. ಅಗತ್ಯ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಲಭ್ಯವಿಲ್ಲದಿದ್ದಲ್ಲಿ, ಅಲ್ಲಿಂದ ರೆಫರಲ್ ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ಹೋಗಬಹುದು.

ಚಿಕಿತ್ಸೆಯ ನಂತರವೂ ಚಲನಾಂಗ ವೈಕಲ್ಯ ಉಳಿದಲ್ಲಿ, ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರ ಅನ್ವಯ ಪ್ರಮಾಣಪತ್ರ ಹಾಗೂ ಯು.ಡಿ.ಐ.ಡಿ. ಕಾರ್ಡಿಗಾಗಿ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬಹುದು. ಹಲವು ಸೌಲಭ್ಯಗಳಿಗೆ ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರಬೇಕು. ಎಕ್ಸ್‌ರೇ, ಬಿಡುಗಡೆ ಪತ್ರ ಮತ್ತು ಶಸ್ತ್ರಚಿಕಿತ್ಸೆಯ ದಾಖಲೆಗಳನ್ನು ಜೋಪಾನವಾಗಿ ಇರಿಸಿಕೊಂಡಲ್ಲಿ ತಪಾಸಣೆಯ ಸಮಯದಲ್ಲಿ ಅನುಕೂಲವಾಗುತ್ತದೆ.

ಬಿದ್ದ ನಂತರದ ಮೊದಲ ಗಂಟೆಗಳು ಕೀಲನ್ನು ಉಳಿಸಿಕೊಳ್ಳುವಲ್ಲಿ ಮಹತ್ವದ್ದಾಗಿದ್ದು, ಸಾರ್ವಜನಿಕರು ವಿಳಂಬ ಮಾಡದೆ ವೈದ್ಯರನ್ನು ಕಾಣಬೇಕೆಂದು ಕೋರಲಾಗಿದೆ.