ಗಣಕಯಂತ್ರಕ್ಕೆ ಕಾಗುಣಿತ

‘ಬಿಟ್ಟ ಸ್ಥಳ ತುಂಬಿರಿ’ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಗೆ ಹೊಸದಲ್ಲ. ಜಾಲತಾಣದಲ್ಲಿ ನಾವು ಕಾಣುವ ಪುಟಗಳೂ ಬಹುಮಟ್ಟಿಗೆ ಈ ಪ್ರಶ್ನೆಗೆ ಬರೆದ ಉತ್ತರಗಳೇ. ಪರೀಕ್ಷೆಯ ಫಲಿತಾಂಶವನ್ನು ನೋಡುವಾಗ ಸಾವಿರಾರು ಮಕ್ಕಳಿಗಾಗಿ ಸಾವಿರಾರು ಪುಟಗಳನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಇರುವುದು ಒಂದೇ ಅಚ್ಚು. ಅದರಲ್ಲಿ ಹೆಸರಿಗೆ, ತರಗತಿಗೆ, ಅಂಕಗಳಿಗೆ ಸ್ಥಳ ಬಿಟ್ಟಿರುತ್ತದೆ. ಕೇಳಿದವರ ವಿವರಗಳನ್ನು ಭಂಡಾರದಿಂದ ತೆಗೆದು ಅಲ್ಲಲ್ಲಿ ತುಂಬಿ ಕಳುಹಿಸುವುದು ಯಂತ್ರದ ಕೆಲಸ. ಈ ಅಚ್ಚಿಗೆ ‘ಟೆಂಪ್ಲೇಟ್’ ಎಂದು ಹೆಸರು.

ಇಂತಹ ಪುಟಗಳನ್ನು ಸಿದ್ಧಪಡಿಸುವ ಸಾಧನಗಳಲ್ಲಿ ‘ಜಾಂಗೋ’ ಪ್ರಸಿದ್ಧವಾದುದು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ವೃತ್ತಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ ಎಂಬವರು 2003ರಲ್ಲಿ ಇದನ್ನು ಆರಂಭಿಸಿದರು. 2005ರಲ್ಲಿ ಎಲ್ಲರೂ ಉಚಿತವಾಗಿ ಬಳಸುವಂತೆ ಇದನ್ನು ಬಿಡುಗಡೆ ಮಾಡಲಾಯಿತು. ‘ಪೈಥಾನ್’ ಎಂಬ ಗಣಕಭಾಷೆಯಲ್ಲಿ ಬರೆದ ಈ ಸಾಧನಕ್ಕೆ ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ಹೆಸರನ್ನಿಡಲಾಗಿದೆ.

ಜಾಂಗೋವಿನ ಅಚ್ಚಿನಲ್ಲಿ ಬಿಟ್ಟ ಸ್ಥಳವನ್ನು ಸೂಚಿಸಲು, ಗಣಿತದಲ್ಲಿ ನೀವು ಕಲಿತ ಪುಷ್ಪಾವರಣವನ್ನು ಜೋಡಿಯಾಗಿ ಬಳಸುತ್ತಾರೆ. ಒಳಗೆ ಬೇಕಾದ ವಿವರದ ಹೆಸರನ್ನು ಬರೆದು, ಪಕ್ಕದಲ್ಲಿ ಒಂದು ನೆಟ್ಟಗಿನ ಗೀಟೆಳೆದು, ಅದರ ಮುಂದೆ ಇನ್ನೊಂದು ಹೆಸರನ್ನು ಬರೆಯಬಹುದು. ಈ ಎರಡನೆಯದೇ ‘ಫಿಲ್ಟರ್’. ಫಿಲ್ಟರ್ ಎಂದರೆ ಸೋಸುವ ಸಾಧನವೆಂದು ಅರ್ಥವಾದರೂ ಇಲ್ಲಿ ಅದರ ಕೆಲಸ ರೂಪ ಬದಲಿಸುವುದು. ದಿನಾಂಕವನ್ನು ಬೇಕಾದ ಕ್ರಮದಲ್ಲಿ ತೋರಿಸುವ, ಉದ್ದನೆಯ ಬರಹವನ್ನು ಮೊಟಕುಗೊಳಿಸುವ ಅನೇಕ ಫಿಲ್ಟರುಗಳು ಜಾಂಗೋವಿನಲ್ಲಿ ಸಿದ್ಧವಾಗಿಯೇ ಇವೆ.

ಎರಡು ವಿವರಗಳನ್ನು ಜೋಡಿಸಲು ‘ಆ್ಯಡ್’ ಎಂಬ ಸಿದ್ಧ ಫಿಲ್ಟರೂ ಇದೆ. ಆದರೆ ಅದರ ಸ್ವಭಾವವನ್ನು ತಿಳಿದಿರಬೇಕು. ಅದು ಮೊದಲು ಎರಡನ್ನೂ ಸಂಖ್ಯೆಗಳೆಂದು ತಿಳಿದು ಕೂಡಲು ನೋಡುತ್ತದೆ. 10ನೆಯ ತರಗತಿಯ 24ನೆಯ ವಿದ್ಯಾರ್ಥಿಗೆ 1024 ಎಂಬ ಕ್ರಮಾಂಕ ಬೇಕೆಂದು 10ಕ್ಕೆ 24ನ್ನು ಜೋಡಿಸಿದರೆ ಸಿಗುವುದು 34! ಸಂಖ್ಯೆಗಳಾಗಿ ಕೂಡಲು ಆಗದಿದ್ದರೆ ಮಾತ್ರ ಒಂದರ ಹಿಂದೆ ಇನ್ನೊಂದನ್ನು ಇಡುತ್ತದೆ. ಒಂದು ಸಂಖ್ಯೆ, ಇನ್ನೊಂದು ಅಕ್ಷರವಾಗಿದ್ದು ಎರಡೂ ದಾರಿ ಮುಚ್ಚಿದರೆ ಏನನ್ನೂ ಹೇಳದೆ ಆ ಸ್ಥಳವನ್ನು ಖಾಲಿ ಬಿಡುತ್ತದೆ. ತರಗತಿ 10, ವಿಭಾಗ ‘ಎ’ ಎಂದು ಕೊಟ್ಟಾಗ ಪುಟದಲ್ಲಿ ಏನೂ ಕಾಣದಿರುವುದು ಹೀಗೆ.

ಆದುದರಿಂದ ನಮ್ಮ ಅಗತ್ಯಕ್ಕೆ ತಕ್ಕ ಫಿಲ್ಟರನ್ನು ನಾವೇ ಬರೆದುಕೊಳ್ಳುವ ಅವಕಾಶವಿದೆ. ‘ಟೆಂಪ್ಲೇಟ್‌ಟ್ಯಾಗ್ಸ್’ ಎಂಬ ಕಡತಕೋಶದಲ್ಲಿ ಒಂದು ಪೈಥಾನ್ ಕಡತವನ್ನಿಟ್ಟು, ಅದರಲ್ಲಿ ಬೇಕಾದ ಸೂತ್ರವನ್ನು ಬರೆದು, ಅದು ಫಿಲ್ಟರ್ ಎಂದು ನೋಂದಾಯಿಸಬೇಕು. ಬಳಸುವ ಅಚ್ಚಿನ ಮೇಲ್ಭಾಗದಲ್ಲಿ ಆ ಕಡತವನ್ನು ತರಿಸಿಕೊಳ್ಳುವಂತೆ ಸೂಚಿಸಬೇಕು. ಒಂದು ಫಿಲ್ಟರಿಗೆ ಗೀಟಿನ ಎಡಗಡೆಯ ವಿವರದೊಂದಿಗೆ ಹೆಚ್ಚೆಂದರೆ ಇನ್ನೊಂದನ್ನು ಮಾತ್ರ ಕೊಡಬಹುದೆಂಬುದು ನಿಯಮ. ಮನೆಯ ಹೆಸರು, ತಂದೆಯ ಹೆಸರು, ಸ್ವಂತ ಹೆಸರು ಮೂರೂ ಸೇರಬೇಕಾದರೆ ವಿದ್ಯಾರ್ಥಿಯ ಇಡೀ ದಾಖಲೆಯನ್ನೇ ಎಡಗಡೆಯಲ್ಲಿ ಕೊಟ್ಟು, ಜೋಡಿಸುವ ಕ್ರಮವನ್ನು ಫಿಲ್ಟರಿನೊಳಗೆ ಬರೆಯುವುದು ಸುಲಭ.

ಇನ್ನು ಕನ್ನಡದ ಮಾತಿಗೆ ಬರೋಣ. ಹೆಸರಿನ ಮೊದಲಕ್ಷರವನ್ನು ತೆಗೆದು ಜೋಡಿಸುವುದು ಇಂಗ್ಲಿಷಿನಲ್ಲಿ ಅತಿ ಸುಲಭ. ಅದೇ ಸೂತ್ರವನ್ನು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಹೆಸರಿಗೆ ಹಚ್ಚಿ ನೋಡಿ. ನಮಗೆ ಬೇಕಾದುದು ‘ಕುವೆಂಪು’. ಯಂತ್ರ ಕೊಡುವುದು ‘ಕವಪ’! ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ‘ದ.ರಾ.’ ಆಗದೆ ‘ದ.ರ.’ ಆಗುತ್ತಾರೆ. ವಿನಾಯಕ ಕೃಷ್ಣ ಗೋಕಾಕರು ‘ವಿ.ಕೃ.’ ಆಗದೆ ‘ವ.ಕ.’ ಆಗುತ್ತಾರೆ.

ಹೀಗೇಕೆ? ಯುನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಸಾಲನ್ನು ಮೀಸಲಿಡಲಾಗಿದೆ. ಅಲ್ಲಿ ವ್ಯಂಜನಗಳಿಗೆ ಒಂದೊಂದು ಮನೆ, ಗುಣಿತದ ಚಿಹ್ನೆಗಳಿಗೆ ಬೇರೆ ಮನೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಕು’ ಯಂತ್ರಕ್ಕೆ ‘ಕ’ ಮತ್ತು ಕೊಂಬು ಎಂಬ ಎರಡು ಸಂಕೇತಗಳು. ‘ವೆಂ’ ಎಂದರೆ ವಕಾರ, ಎತ್ವ, ಸೊನ್ನೆ ಎಂಬ ಮೂರು. ‘ಶ್ರೀ’ ಎಂದರೆ ನಾಲ್ಕು. ಮೊದಲನೆಯದನ್ನು ಕೊಡು ಎಂದರೆ ಯಂತ್ರ ಮೊದಲ ಸಂಕೇತವನ್ನಷ್ಟೇ ಕೊಡುತ್ತದೆ. ನಾವು ಬರೆಯುವ ಫಿಲ್ಟರಿನಲ್ಲಿ ಹೀಗೆ ವಿಧಿಸಬೇಕು: ಮೊದಲ ಸಂಕೇತದ ಬೆನ್ನಿಗೆ ಗುಣಿತದ ಚಿಹ್ನೆ, ಸೊನ್ನೆ ಅಥವಾ ವಿಸರ್ಗ ಬಂದರೆ ಅದನ್ನೂ ಸೇರಿಸು, ಅರ್ಧಾಕ್ಷರದ ಚಿಹ್ನೆ ಬಂದು ಅದರ ಮುಂದೆ ವ್ಯಂಜನವಿದ್ದರೆ ಅವೆರಡನ್ನೂ ಸೇರಿಸಿ ಮುಂದುವರಿ, ಬೇರೇನಾದರೂ ಬಂದರೆ ನಿಲ್ಲಿಸು. ಇದು ಒಂದನೆಯ ತರಗತಿಯ ಕಾಗುಣಿತ ಮತ್ತು ಒತ್ತಕ್ಷರದ ಪಾಠವಲ್ಲದೆ ಬೇರೇನೂ ಅಲ್ಲ.

ಇಷ್ಟರಿಂದಲೇ ಎಲ್ಲವೂ ಮುಗಿಯುವುದಿಲ್ಲ. ನಮ್ಮವರೇ ಆದ ಮಂಜೇಶ್ವರದ ಗೋವಿಂದ ಪೈಗಳನ್ನು ನಾವು ‘ಮಂ. ಗೋವಿಂದ ಪೈ’ ಎಂದು ಬರೆಯುವುದಿಲ್ಲ, ‘ಎಂ. ಗೋವಿಂದ ಪೈ’ ಎನ್ನುತ್ತೇವೆ. ಮೊದಲಕ್ಷರವನ್ನು ಇಂಗ್ಲಿಷಿನಿಂದ ತರುವ ಈ ರೂಢಿ ಯಾರ ಹೆಸರಿಗಿದೆ, ಯಾರ ಹೆಸರಿಗಿಲ್ಲ ಎಂಬುದನ್ನು ಯಾವ ಸೂತ್ರವೂ ಊಹಿಸಲಾರದು. ಆ ವಿವರವನ್ನು ಪ್ರತ್ಯೇಕವಾಗಿ ಬರೆದಿಡಬೇಕು. ಅಂತೆಯೇ ವಿಭಕ್ತಿಯ ವಿಚಾರ. ‘ರವಿಗೆ’ ಸರಿ, ಆದರೆ ‘ಗೋಪಾಲಗೆ’ ಅಲ್ಲ, ‘ಗೋಪಾಲನಿಗೆ’. ‘ಗುರುಗೆ’ ಅಲ್ಲ, ‘ಗುರುವಿಗೆ’. ಎಲ್ಲ ಹೆಸರುಗಳಿಗೂ ಒಂದೇ ಪ್ರತ್ಯಯವನ್ನು ಅಂಟಿಸುವ ಫಿಲ್ಟರಿಗೆ ಆಗಮ ಸಂಧಿ ತಿಳಿಯದು. ಇಂತಹ ಕಡೆ ‘ವಿದ್ಯಾರ್ಥಿಯ ಹೆಸರು’ ಎಂದು ಬರೆದು ಹೆಸರನ್ನು ಬೇರೆಯಾಗಿಯೇ ನಿಲ್ಲಿಸುವಂತೆ ಅಚ್ಚನ್ನು ರಚಿಸುವುದು ಜಾಣತನ.

ಮತ್ತೆರಡು ಎಚ್ಚರಿಕೆಗಳಿವೆ. ಒಂದು, ಜೋಡಿಸಿದ ರೂಪವನ್ನು ಭಂಡಾರದಲ್ಲಿ ಇಡಬಾರದು. ಬಿಡಿಭಾಗಗಳನ್ನು ಇಟ್ಟು, ತೋರಿಸುವಾಗ ಮಾತ್ರ ಜೋಡಿಸಬೇಕು. ಕೂಡಿಸಿದ್ದನ್ನು ಮತ್ತೆ ಬಿಡಿಸುವುದು ಕಷ್ಟ. ‘ಕು’ ಎಂಬುದರಿಂದ ‘ಕುಪ್ಪಳಿ’ ಹುಟ್ಟಲಾರದು. ಎರಡು, ಹೆಸರಿನ ಸ್ಥಳದಲ್ಲಿ ಯಾರಾದರೂ ಕೇಡಿನ ಆಜ್ಞೆಗಳನ್ನು ತುಂಬಿದರೆ ಜಾಂಗೋ ತಾನಾಗಿಯೇ ಅವುಗಳ ವಿಷದ ಹಲ್ಲು ಕಿತ್ತು ಬರಿಯ ಅಕ್ಷರಗಳಾಗಿ ತೋರಿಸುತ್ತದೆ. ‘ಇದು ಸುರಕ್ಷಿತ’ ಎಂದು ನಮ್ಮ ಫಿಲ್ಟರು ಮುದ್ರೆಯೊತ್ತಿದರೆ ಆ ರಕ್ಷಣೆ ತಪ್ಪುತ್ತದೆ. ಪರಿಶೀಲಿಸದೆ ಮುದ್ರೆಯೊತ್ತಬಾರದು.

ಪೋಷಕರು ಇದನ್ನೇಕೆ ಓದಬೇಕು ಎನ್ನಬಹುದು. ಗಡಿನಾಡಿನ ನಮ್ಮ ಮಕ್ಕಳ ಹೆಸರುಗಳು ಕನ್ನಡ, ಮಲಯಾಳ, ಇಂಗ್ಲಿಷ್ ಎಂಬ ಮೂರು ಲಿಪಿಗಳಲ್ಲಿ ಸಂಚರಿಸುತ್ತವೆ. ಒಂದು ಕಡೆ ಒಂದು ರೂಪ, ಇನ್ನೊಂದು ಕಡೆ ಇನ್ನೊಂದು ರೂಪವಾದರೆ ಅವೆರಡೂ ಒಬ್ಬನದೇ ಎಂದು ತೋರಿಸುವ ಹೊರೆ ಮಗುವಿನ ಮೇಲೆ ಬೀಳುತ್ತದೆ. ಕನ್ನಡ ಬಲ್ಲವರು ಕೂತು ಬರೆಯದಿದ್ದರೆ ನಮ್ಮ ಹೆಸರುಗಳು ಪರಭಾಷೆಯ ಸೂತ್ರದಲ್ಲಿಯೇ ಅಚ್ಚಾಗುತ್ತವೆ. ಕನ್ನಡ ಕಲಿತರೆ ಗಣಕಯಂತ್ರದ ಕ್ಷೇತ್ರದಲ್ಲಿ ಪ್ರಯೋಜನವೇನು ಎಂದು ಕೇಳುವವರಿಗೆ ‘ಕವಪ’ ಎಂಬ ಮೂರಕ್ಷರವನ್ನು ತೋರಿಸಿದರೆ ಸಾಕು. ವಿದ್ಯಾರ್ಥಿಗಳೇ, ಕಾಗುಣಿತವನ್ನು ಮರೆಯದಿರಿ. ಅದನ್ನು ಯಂತ್ರಕ್ಕೂ ಕಲಿಸಬೇಕಾದವರು ನೀವು.